ಹಳೇ ಮಳೆಯ ನೀರು

ನಮ್ಮೂರಿಗೆ ಹೆಣ್ಣು ಕೊಡಲು ಜನ ಹೆದರುತ್ತಿದ್ದ ಕಾಲವೊಂದಿತ್ತು. ಹುಡುಗ ಕುಡಿಯುತ್ತಾನೋ ಇಲ್ಲವೋ, ಹೊಲ ಎಷ್ಟಿದೆ, ಅತ್ತೆ ಬಾಯಿಬಡುಕಿಯೋ ಏನು, ಇವೆಲ್ಲ ಆಮೇಲಿನ ಮಾತು. ಹೆಣ್ಣಿನ ಕಡೆಯವರು ಜಗಲಿ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ಮೊದಲು ಕೇಳುತ್ತಿದ್ದುದು ಒಂದೇ: "ಕುಡಿಯೋ ನೀರು ಎಷ್ಟು ದೂರ?" ಅಲ್ಲಿಗೆ ನಮ್ಮೂರ ಗಂಡಸರ ಬಾಯಿ ಬಂದ್. ಊರ ಮಧ್ಯೆ ಬಾವಿಯೇನೋ ಇತ್ತು. ಆದರೆ ಅದರ ನೀರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸೋಪಿಗೆ ನೊರೆ ಬರುತ್ತಿರಲಿಲ್ಲ. ಅದು ದನಕ್ಕೆ, ಪಾತ್ರೆಗೆ. ಕುಡಿಯುವುದಕ್ಕೆ ಬಂಡೆ ಬುಡದ ಒರತೆಗೇ ಹೋಗಬೇಕಿತ್ತು.

ತಿಪ್ಪಸಂದ್ರದ ಆಚೆ, ದಾರಿ ಏರುತ್ತ ಹೋದಲ್ಲಿ ನಮ್ಮೂರು. ದೂರದಲ್ಲಿ ಸಾವನದುರ್ಗ ದೊಡ್ಡ ಯಜಮಾನನ ಹಾಗೆ ಕೂತಿರುತ್ತದೆ. ನಮ್ಮ ಬಂಡೆಗೆ ಹೆಸರೂ ಇಲ್ಲ. ಊರವರು ಬರೀ 'ಬಂಡೆ' ಅನ್ನುತ್ತಾರೆ, ಸಾಕು. ಮೇಲೆಲ್ಲ ಬೋಳು ಕಲ್ಲು. ಕಲ್ಲು ಮುಗಿದು ನೆಲ ಶುರುವಾಗುವ ಕಡೆ ಸುತ್ತಲೂ ಒಂದು ಪಟ್ಟಿ ಕಾಡು, ಜಾಲಾರಿ, ಕಾರೆ, ಬಿಕ್ಕೆ, ಮುಳ್ಳುಪೊದೆ, ಅಲ್ಲಲ್ಲಿ ಬಿದಿರು. ಆ ಕಾಡಿನ ಕೆಳಗೆ ನಮ್ಮ ರಾಗಿ ಹೊಲಗಳು.

ಮಳೆ ಬರುವುದನ್ನು ನಾನು ಕಲಿತದ್ದು ಆ ಬಂಡೆಯ ಮೇಲೆ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಮೊದಲ ಹನಿಗಳು ಬಿದ್ದು ಅಲ್ಲೇ ಇಲ್ಲವಾಗುತ್ತಿದ್ದವು. ಒಂದು ವಾಸನೆ ಮಾತ್ರ ಏಳುತ್ತಿತ್ತು. ಆಮೇಲೆ ಕಲ್ಲು ಕಪ್ಪಾಗುತ್ತಿತ್ತು. ಕಪ್ಪಾದ ಮೇಲೆ ಇಡೀ ಬಂಡೆಯ ಮೈ ಒಮ್ಮೆ ಅಲುಗಿದ ಹಾಗೆ ಕಂಡು, ತೆಳ್ಳನೆಯ ನೀರಿನ ಹಾಳೆಯೊಂದು ಮೇಲಿನಿಂದ ಕೆಳಕ್ಕೆ ಜಾರಿಬಿಡುತ್ತಿತ್ತು. ಕ್ಷಣ ಕಳೆಯುವುದರೊಳಗೆ ಕಲ್ಲಿನ ಎಲ್ಲ ಮಡಿಕೆಗಳಲ್ಲೂ ಬೆಳ್ಳನೆ ನೀರು, ಕೆಳಗೆ ಹಳ್ಳದಲ್ಲಿ ಗದ್ದಲ. ಮಳೆ ನಿಂತಿತೋ, ಅದೂ ನಿಂತಿತು. ನಾನು ಗೋಣಿಕೊಪ್ಪೆ ಕೊಡವಿಕೊಂಡು ಮನೆ ಸೇರುವಷ್ಟರಲ್ಲಿ ಬಂಡೆ ಒಣಗಿ ಬಿಸಿಲು ಕಾಯಿಸುತ್ತ ಕೂತಿರುತ್ತಿತ್ತು, ಏನೂ ಆಗಿಯೇ ಇಲ್ಲ ಎಂಬಂತೆ.

ಕಾಡಿನ ಪಟ್ಟಿಯ ಕಥೆಯೇ ಬೇರೆ. ಮಳೆ ನಿಂತ ಮೇಲೂ ಅಲ್ಲಿ ಮಳೆ ಬೀಳುತ್ತಲೇ ಇರುತ್ತಿತ್ತು, ಎಲೆಯಿಂದ ಎಲೆಗೆ, ಎಲೆಯಿಂದ ನೆಲಕ್ಕೆ. ಕೊಳೆತ ತರಗೆಲೆ ಕಾಲ ಕೆಳಗೆ ಮೆತ್ತಗೆ ಕುಸಿಯುತ್ತಿತ್ತು. ಆದರೆ ಹರಿಯುವ ನೀರು ಕಣ್ಣಿಗೆ ಕಾಣುತ್ತಿರಲಿಲ್ಲ. ಅಷ್ಟು ಮಳೆ ಎಲ್ಲಿಗೆ ಹೋಯಿತು ಅಂತ ಚಿಕ್ಕವನಿದ್ದಾಗ ನೆಲಕ್ಕೆ ಕಿವಿಯಿಟ್ಟು ಕೇಳಿದ್ದೇನೆ. ನನ್ನದೇ ಎದೆಬಡಿತ ಕೇಳಿಸುತ್ತಿತ್ತು, ನಾನು ಅದನ್ನೇ ನೀರು ಅಂದುಕೊಂಡು ಸಂತೋಷಪಡುತ್ತಿದ್ದೆ. ಆ ಪಟ್ಟಿಯ ಕೆಳಗಂಚಿನಲ್ಲಿ, ಒಂದು ಕಲ್ಲಿನ ತುಟಿಯ ಮೇಲಿಂದ, ಬೇರು ಮಣ್ಣು ಪಾಚಿಗಳ ನಡುವೆ ಒರತೆ ಬರುತ್ತಿತ್ತು. ಮಳೆಗಾಲದಲ್ಲಿ ಬೆರಳಷ್ಟು ದಪ್ಪ, ಬೇಸಿಗೆಗೆ ನೂಲಿನಷ್ಟು. ನಾನು ಕಂಡಂತೆ ಅದು ಬತ್ತಿದ್ದಿಲ್ಲ. ಹೆಂಗಸರು ಬಿಂದಿಗೆ ಇಟ್ಟು, ಊರ ಸುದ್ದಿಯೆಲ್ಲ ಆಡಿ ಮುಗಿಸುವಷ್ಟರಲ್ಲಿ ತುಂಬಿರುತ್ತಿತ್ತು.

ಇನ್ನು ನನ್ನ ಮನಸ್ಸಿಗೆ ಬಿದ್ದ ಹುಡುಗಿಯ ಮಾತು. ರಾಮನಗರದಲ್ಲಿ ನೆಂಟರ ಮದುವೆ. ಪಂಕ್ತಿಯಲ್ಲಿ ಸಾರು ಬಡಿಸುವ ಕೆಲಸ ನನ್ನದು. ಅವಳು ಎಲೆಯ ಮುಂದೆ ಕೂತು ತಲೆಯೆತ್ತಿ ನೋಡಿದಳು, ನಾನು ಬಿಸಿ ಸಾರನ್ನು ನನ್ನ ಕೈಮೇಲೇ ಸುರಿದುಕೊಂಡೆ. ಅವಳು ನಕ್ಕುಬಿಟ್ಟಳು. ಥೂ, ಆ ನಗುವನ್ನು ನೆನೆದರೆ ಈ ವಯಸ್ಸಲ್ಲೂ ಕಿವಿ ಬಿಸಿಯಾಗುತ್ತದೆ. ಬೈರಾಪಟ್ಟಣದ ಕಡೆಯವರು ಅಂತ ತಿಳಿಯಿತು. ಚನ್ನಪಟ್ಟಣದ ಸೀಮೆ, ಕೆರೆ ತೆಂಗು ನೋಡಿ ಬೆಳೆದ ಹುಡುಗಿ. ಮನೆಗೆ ಬಂದು ಅವ್ವನ ಹತ್ತಿರ ಬಾಯಿಬಿಟ್ಟೆ. ಅವ್ವ ಅಪ್ಪನಿಗೆ ಹೇಳಿದಳು. ಅಪ್ಪ ಮೊದಲು ನನ್ನನ್ನು, ಆಮೇಲೆ ಬಾಗಿಲಾಚೆಯ ಬಂಡೆಯನ್ನು ನೋಡಿದ.

"ಕೆರೆ ಕೆಳಗ್ಲೋರು ಕಣ್ಲಾ ಅವ್ರು. ನಮ್ಗೆ ಕೊಟ್ಟಾರಾ?" ಅಂದ.

ಆದರೂ ಹೇಳಿಕಳಿಸಿದ. ಆ ಮನೆಯಲ್ಲಿ ಮಾತು ನಡೆಯುತ್ತಿದ್ದುದು ಹುಡುಗಿಯ ಅಜ್ಜಿಯದು. ಮನೆ ನೋಡಲು ತಾನೇ ಬರುತ್ತೇನೆ ಅಂತ ಆಕೆ ಹೇಳಿಕಳಿಸಿದರು.

ಅವರು ಬಂದದ್ದು ದಸರೆ ಆಸುಪಾಸಿನ ಚಿತ್ತೆ ಮಳೆಯಲ್ಲಿ. ಹಿಂದಿನ ಸಂಜೆಯಿಂದ ಸುರಿದ ಮಳೆ ಅವರು ಬರುವಾಗಲೂ ಬಿಟ್ಟಿರಲಿಲ್ಲ. ನಮಗೆ ಇದಕ್ಕಿಂತ ಒಳ್ಳೆಯ ಶಕುನ ಬೇಕೇ! ಬಂಡೆಯ ಮೈತುಂಬ ಬಿಳೀ ನೀರು, ಹಳ್ಳ ಊರಿಗೆಲ್ಲ ಕೇಳುವಂತೆ ಮೊರೆಯುತ್ತಿತ್ತು. ಅಜ್ಜಿ ಗಿಡ್ಡಗೆ, ಒಣಗಿದ ಹುಣಸೆಹಣ್ಣಿನಷ್ಟು ಇದ್ದರು. ಮಗನ ಕೈಹಿಡಿದು, ಸೆರಗನ್ನು ತಲೆಗೆ ಬಿಗಿದು ಮನೆಯೊಳಕ್ಕೂ ಬಾರದೆ ನೇರ ಹಳ್ಳದ ದಂಡೆಗೆ ನಡೆದರು. ಅಪ್ಪ ಎದೆ ಉಬ್ಬಿಸಿಕೊಂಡು ಹಿಂದೆಯೇ ಹೋದ.

"ನೋಡವ್ವಾ, ನೀರ್ಗೇನ್ ಬರ ನಮ್ಗೆ?" ಅಂದ.

"ಇದು ಹೋಗೋ ನೀರು ಕಣಪ್ಪಾ," ಅಂದರು ಅಜ್ಜಿ. "ಸಂಜೀಕೆ ಬಂದ್ರೆ ಇದ್ರ ಗುರ್ತೂ ಇರಾಕಿಲ್ಲ. ನಿಲ್ಲೋ ನೀರು ತೋರ್ಸು."

ಆಕೆಯ ತವರು ಕನಕಪುರದ ಕಾಡಂಚು, ಅಲ್ಲೂ ಇಂಥದೇ ಬಂಡೆ ಅಂತ ನಮಗೆ ಗೊತ್ತಾದದ್ದು ಆಗಲೇ. ಒರತೆಯ ಹತ್ತಿರ ಕರೆದುಕೊಂಡು ಹೋದೆವು. ಆಕೆ ಕುಕ್ಕರುಗಾಲಲ್ಲಿ ಕೂತು ಕೈಯೊಡ್ಡಿದರು. ಚಳಿಗಾಳಿಗೆ ನಾವೆಲ್ಲ ಮುದುಡಿ ನಿಂತಿದ್ದೆವು. ಆಕೆ ನೀರನ್ನು ಕೆನ್ನೆಗೆ ಒತ್ತಿಕೊಂಡು, "ಬೆಚ್ಗೈತೆ," ಅಂತ ನಕ್ಕರು. ನನ್ನನ್ನು ಕರೆದು ನನ್ನ ಕೈಯನ್ನೂ ಒಡ್ಡಿಸಿದರು. ನಿಜ, ಹಳ್ಳದ ನೀರು ಕೊರೆಯುತ್ತಿತ್ತು, ಇದು ಬೆಚ್ಚಗಿತ್ತು. ಹಳ್ಳದ್ದು ಕೆಂಪಗೆ ರಾಡಿ, ಇದು ತಿಳಿ.

"ಇದು ಇವತ್ತಿನ ಮಳೆ ಅಲ್ಲ ಕಣ್ ಮಗ," ಅಂದರು. "ಹೊಸ ಮಳೆ ಮೇಲಿಂದ ಒಳೀಕ್ಕೋಗಿ ಒತ್ತುತ್ತದೆ, ಹಳೇದು ಈಚೆಗೆ ಬರ್ತದೆ. ಇದು ಹೋದೊರ್ಸದ್ದೋ, ಅದ್ರಾಚೆ ವರ್ಸದ್ದೋ, ಯಾರ್ ಕಂಡವ್ರೆ?"

ನಾನು ಅಲ್ಲೇ ಬೊಗಸೆ ತುಂಬ ಕುಡಿದೆ. ಹುಟ್ಟಿದಾಗಿನಿಂದ ಕುಡಿದ ನೀರೇ. ಆದರೆ ಯಾವುದೋ ಮರೆತುಹೋದ ವರ್ಷದ, ನಾನು ಆಗ ಏನು ಮಾಡುತ್ತಿದ್ದೆನೋ ನೆನಪೇ ಇಲ್ಲದ ದಿನದ ಮಳೆಯನ್ನು ಕುಡಿಯುತ್ತಿದ್ದೇನೆ ಅನ್ನಿಸಿ ಮೈ ಜುಂ ಅಂದಿತು.

ಅಜ್ಜಿ ಎದ್ದು ಸೀರೆ ಕೊಡವಿಕೊಂಡರು. "ನೀರು ಚೆಂದಾಗೈತೆ. ಆದ್ರೆ ಮಳೆಗಾಲ್ದಲ್ಲಿ ಎಲ್ಲಾ ಒರತೆನೂ ಚೆಂದಾಗೇ ಇರ್ತವೆ. ಸಂಕ್ರಾಂತಿ ಕಳೀಲಿ, ಇನ್ನೊಂದ್ ದಪ ಬತ್ತೀನಿ. ಅವಾಗ್ಲೂ ಬಿಂದಿಗೆ ತುಂಬಿದ್ರೆ ಹೆಣ್ಣು ನಿಮ್ದು," ಅಂದರು. ಮಾತು ಮುಗಿಯದೆ ಉಣ್ಣುವ ಹಾಗಿಲ್ಲ ಅಂತ ಅವ್ವ ಮಾಡಿದ ಒಬ್ಬಟ್ಟನ್ನು ಮುಟ್ಟದೆ ಹೊರಟರು. ಆ ಒಬ್ಬಟ್ಟನ್ನೆಲ್ಲ ನಾನೇ ತಿಂದೆ.

ಚಿತ್ತೆಯಿಂದ ಸಂಕ್ರಾಂತಿಯವರೆಗಿನ ಆ ದಿನಗಳನ್ನು ನಾನು ಎಚ್ಚರದಲ್ಲಿ ಕಳೆದೆನೋ ನಿದ್ದೆಯಲ್ಲೋ ಹೇಳಲಾರೆ. ರಾಗಿ ಕೊಯ್ಲು ಆಯಿತು, ಅವರೆ ಹೂಬಿಟ್ಟಿತು, ಅವೆಲ್ಲ ನನ್ನ ಪಕ್ಕದಲ್ಲೇ ಎಲ್ಲೋ ನಡೆದವು. ಬಿಡುವು ಸಿಕ್ಕರೆ ಸಾಕು, ಒರತೆಯ ಹತ್ತಿರ ಹೋಗಿ ಮಲಗಿಬಿಡುತ್ತಿದ್ದೆ. ಮಳೆ ನಿಂತು ಎಷ್ಟೋ ಕಾಲವಾಗಿತ್ತು. ಹಳ್ಳದಲ್ಲಿ ಬರೀ ಮರಳು. ಬಂಡೆಯ ಮೇಲಿನ ದೊಣೆಗಳಲ್ಲಿ ನಿಂತಿದ್ದ ನೀರೂ ಹಸಿರಾಗಿ, ಆಮೇಲೆ ಬಿರುಕುಬಿಟ್ಟ ಕೆಸರಾಗಿ ಮುಗಿದುಹೋಗಿತ್ತು. ಒರತೆ ಮಾತ್ರ ಬರುತ್ತಿತ್ತು. ಮೋಡವೇ ಇಲ್ಲದ ಆಕಾಶದ ಕೆಳಗೆ ನನ್ನ ತಲೆಯ ಪಕ್ಕದಲ್ಲೇ ಮಳೆಯೊಂದು ಇಷ್ಟಿಷ್ಟೇ ಹೊರಗೆ ಬರುತ್ತಿದೆ! ಕಾಡು ಅದನ್ನು ಒಂದೇ ಸಲಕ್ಕೆ ಕೊಡುವುದಿಲ್ಲ, ಬೇರಿನಿಂದ ಬೇರಿಗೆ, ಮಣ್ಣಿನಿಂದ ಕಲ್ಲಿನ ಬಿರುಕಿಗೆ ದಾಟಿಸುತ್ತ, ಅವಸರವೇ ಇಲ್ಲದೆ ಕೊಡುತ್ತದೆ. ಮಲಗಿದಲ್ಲೇ ನಾನು ಆ ಹುಡುಗಿಯನ್ನು ಅಲ್ಲಿಗೆ ಕರೆತರುತ್ತಿದ್ದೆ. ಅವಳು ಬಿಂದಿಗೆ ಇಟ್ಟು ಕೂರುತ್ತಿದ್ದಳು, ನನ್ನ ಸುಟ್ಟ ಕೈ ನೋಡಿ ನಗುತ್ತಿದ್ದಳು. ಬಿಂದಿಗೆ ತುಂಬದಿರಲಿ ಅಂತ ನಾನು ಬೇಡಿಕೊಳ್ಳುತ್ತಿದ್ದೆ. ಅವಳು ಎದ್ದು ಹೋಗಬಾರದಲ್ಲ!

ದಿನ ಹೋದಂತೆ ಒರತೆ ಸಣ್ಣಗಾಯಿತು. ಪ್ರತಿ ವರ್ಷ ಆಗುವುದೇ ಅದು. ಆದರೆ ಆ ವರ್ಷ ಅಪ್ಪನಿಗೆ ಅದನ್ನು ನೋಡಲಾಗಲಿಲ್ಲ. ನಾನು ಸರಿಯಾಗಿ ಉಣ್ಣುತ್ತಿಲ್ಲ, ಒರತೆಯ ಹತ್ತಿರ ಬಿದ್ದಿರುತ್ತೇನೆ ಅಂತ ಅವ್ವ ದಿನವೂ ಅವನ ಕಿವಿ ಕಚ್ಚುತ್ತಿದ್ದಳು. ಅಪ್ಪ ಬಂದು ನೀರಿನ ಎಳೆಯನ್ನು ನೋಡುವನು, ತಲೆ ಕೆರೆದುಕೊಳ್ಳುವನು.

"ಈ ಉಚ್ಚೆ ಹೊಯ್ದಂಗೆ ಬರೋ ನೀರ್ನ ನೋಡಿ ಯಾವಳ್ ಕೊಟ್ಟಾಳ್ಲಾ ಹೆಣ್ಣ?" ಅಂದ ಒಂದು ದಿನ. "ಬಾಯಿ ಕಟ್ಕಂಡೈತೆ ಅಷ್ಟೆ. ಒಸಿ ಬುಡಿಸಿದ್ರೆ ಧಾರಾಳ್ವಾಗಿ ಬತ್ತದೆ."

ಅಪ್ಪನಿಗೆ ಕಲ್ಲಿನ ಕೆಲಸ ಗೊತ್ತಿತ್ತು. ಊರಲ್ಲಿ ಅರ್ಧ ಮನೆಗಳ ಚಪ್ಪಡಿ ಅವನು ಸೀಳಿದ್ದೇ. ಯಾವ ಕಲ್ಲಿಗೆ ಎಲ್ಲಿ ಏಟು ಹಾಕಿದರೆ ಎಲ್ಲಿ ಬಿರಿಯುತ್ತದೆ ಅಂತ ಕಣ್ಣಳತೆಯಲ್ಲೇ ಹೇಳುತ್ತಿದ್ದ. ಗಂಡುಮಗನ ಮದುವೆ ಒಂದು ಕಲ್ಲಿನಿಂದ ನಿಲ್ಲುವುದಾದರೆ ಆ ಕಲ್ಲನ್ನು ಒಡೆಯುವುದು ಅವನಿಗೆ ನೇರವಾದ ದಾರಿಯಾಗಿಯೇ ಕಂಡಿರಬೇಕು. ಸಂಕ್ರಾಂತಿ ಹತ್ತಿರ ಬಂದಿತ್ತು. ನಾನು ಹುರುಳಿ ಮಾರಲು ಮಾಗಡಿಗೆ ಹೋಗಿದ್ದ ದಿನ ಅಪ್ಪ ಹಾರೆ, ಉಳಿ, ಸುತ್ತಿಗೆ ತೆಗೆದುಕೊಂಡು ಹೋಗಿ ಒರತೆಯ ಬಾಯಿಯ ಬೇರನ್ನು ಕಡಿದು, ಪಾಚಿ ಮಣ್ಣು ಬಗೆದು ಹಾಕಿ, ಆ ಕಲ್ಲಿನ ತುಟಿಯನ್ನು ಒಡೆದುಬಿಟ್ಟ.

ನಾನು ಸಂಜೆ ಊರು ಸೇರುವಾಗ ಊರಿಗೆ ಊರೇ ಒರತೆಯ ಹತ್ತಿರ ಇತ್ತು. ನೀರು ತೋಳು ಗಾತ್ರ ಬರುತ್ತಿತ್ತು. ಅಬ್ಬಾ, ಆ ಸಡಗರ! ಹೆಂಗಸರು ಹಂಡೆ, ಕೊಳಗ, ಮರಿಗೆ, ಕೈಗೆ ಸಿಕ್ಕಿದ್ದೆಲ್ಲ ತಂದು ತುಂಬಿಸುತ್ತಿದ್ದರು. ಸಂಕ್ರಾಂತಿಗೆ ದನಗಳ ಮೈ ತೊಳೆದದ್ದೂ ಆ ನೀರಲ್ಲೇ, ಕುಡಿಯುವ ನೀರಲ್ಲಿ! "ಇಷ್ಟು ವರ್ಸ ಇದ್ನ ಹೂತಿಟ್ಕಂಡು ಕೂತಿದ್ವಲ್ಲಾ," ಅಂತ ಜನ ಅಪ್ಪನ ಬೆನ್ನು ತಟ್ಟಿದರು. ಅಪ್ಪ ನನ್ನ ಕಡೆ ನೋಡಿ ಮೀಸೆಯಡಿಯಲ್ಲಿ ನಕ್ಕ. ನಾನು ಅಂಥ ಅಪ್ಪನನ್ನು ಪಡೆದ ಪುಣ್ಯವಂತ ಅಂದುಕೊಂಡೆ.

ಹಬ್ಬ ಮುಗಿಯಿತು. ತೋಳು ಬೆರಳಾಯಿತು, ಬೆರಳು ನೂಲಾಯಿತು. ಕಲ್ಲಿನ ತುಟಿ ಇದ್ದ ಜಾಗದ ಹಿಂದೆ ಒಂದು ಹೊಂಡ ಕಾಣಿಸಿತು, ಕಲ್ಲುಪುಡಿ, ಕೆಂಪು ಮಣ್ಣು, ಬೇರು. ಕಾಡೆಲ್ಲ ಇಳಿಸಿಕೊಟ್ಟ ನೀರನ್ನು ಅಷ್ಟು ದಿನ ಹಿಡಿದಿಟ್ಟಿದ್ದದ್ದು ಅದೇ ಹೊಂಡ, ಅದನ್ನು ತಡೆದಿದ್ದದ್ದು ಅದೇ ತುಟಿ. ಅಪ್ಪ ಅದರ ಮುಂದೆ ಕೂತು ಕೈಯಿಂದ ಮಣ್ಣು ಕೆರೆಯುತ್ತಿದ್ದ. ಒಂದು ಬೆಳಗ್ಗೆ ನೂಲೂ ಇರಲಿಲ್ಲ. ಮಣ್ಣು ಒದ್ದೆಯಿತ್ತು, ಆಮೇಲೆ ಅದೂ ಒಣಗಿತು.

ಅಜ್ಜಿ ಹೇಳಿದ ಮಾತಿನಂತೆ ಬಂದರು. ಅವರು ಓಣಿಯಲ್ಲಿ ಬರುವುದನ್ನು ನೋಡಿದಾಗ ಬಂಡೆ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಒರತೆಯ ಬಾಯಲ್ಲಿ ಉಳಿಯ ಗುರುತು ಬೆಳ್ಳಗೆ ಎದ್ದು ಕಾಣುತ್ತಿತ್ತು. ಆಕೆ ಆ ಒಡಕಲಿನ ಮೇಲೆ ಬೆರಳಾಡಿಸಿದರು.

"ಯಾರಪ್ಪಾ ಇದ್ನ ಒಡ್ದೋರು?"

ಅಪ್ಪ ತಲೆಯ ವಲ್ಲಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನಾನೇ ಕಣವ್ವಾ. ನಿಮ್ ಕಣ್ಗೆ ಒಸಿ ತುಂಬ್ದಂಗೆ ಕಾಣ್ಲಿ ಅಂತ."

"ಅಯ್ಯೋ ನನ್ನಪ್ಪಾ," ಅಂದರು ಅಜ್ಜಿ. "ನೂಲೆಳೆಯಷ್ಟು ಬರ್ತಿದ್ರೂ ಕೊಟ್ಬುಡ್ತಿದ್ನಲ್ಲೋ. ನೂಲೆಳೇನೇ ನಾನು ನೋಡಾಕೆ ಬಂದಿದ್ದು." ಆಕೆಯ ಕಣ್ಣಲ್ಲೂ ನೀರು ಬಂತು. ಅವ್ವ ಮನೆಯಲ್ಲಿ ಉಳಿದಿದ್ದ ಒರತೆಯ ನೀರನ್ನು ಚೊಂಬಿನಲ್ಲಿ ತಂದುಕೊಟ್ಟಳು. ಅಜ್ಜಿ ಕುಡಿದು, ಅವ್ವನ ಗಲ್ಲ ಸವರಿ, ಬಸ್ಸಿನ ಹೊತ್ತಾಯಿತು ಅಂತ ಹೊರಟರು.

ಹುಡುಗಿಯನ್ನು ಚನ್ನಪಟ್ಟಣದ ಹತ್ತಿರವೇ ಕೊಟ್ಟರಂತೆ. ಹೊಟ್ಟೆ ಉರಿಯಿತು, ಇಲ್ಲ ಅಂತ ಯಾಕೆ ಹೇಳಲಿ. ಅಪ್ಪನ ಜೊತೆ ಮಾತು ಬಿಟ್ಟೆ. ಊರ ಹೆಂಗಸರು ಮಾತು ಬಿಡಲಿಲ್ಲ. ಪಕ್ಕದೂರಿನ ತೋಪಿನ ಬಾವಿಯಿಂದ, ಬಂಡೆಯ ಮಗ್ಗುಲು ಹತ್ತಿ ಇಳಿದು, ನೀರು ಹೊತ್ತು ತರುವಾಗ ನಮ್ಮ ಬಾಗಿಲ ಮುಂದೆಯೇ ನಿಂತು ಅಪ್ಪನನ್ನು ಬೈದು ಹೋಗುತ್ತಿದ್ದರು.

ಬೇಸಿಗೆ ಬಂದ ಕೂಡಲೇ ಅಪ್ಪ ಪಕ್ಕದೂರಿನ ಕೆರೆಯಂಗಳದ ಜೇಡಿಮಣ್ಣನ್ನು ಮಂಕರಿಯಲ್ಲಿ ಹೊತ್ತು ಒರತೆಗೆ ಹೋದ. ಕಲ್ಲಿನ ಚೂರು ಜೋಡಿಸಿ, ಜೇಡಿ ಮೆತ್ತಿ, ಹೊಸ ತುಟಿ ಕಟ್ಟಿದ. ಮೊದಲ ಮುಂಗಾರಿಗೆ ಅದು ಕೊಚ್ಚಿಹೋಯಿತು. ಮರುವರ್ಷ ಮತ್ತೆ ಕಟ್ಟಿದ. ಮತ್ತೆ ಹೋಯಿತು. ಜನ ನಕ್ಕರು. ಅವನು ಹೊಂಡಕ್ಕೆ ಕಾಡಿನ ಮಣ್ಣು ತುಂಬಿದ, ತರಗು ಹೊದಿಸಿದ, ಮೇಕೆಗಳನ್ನು ಅತ್ತ ಬಿಡಬೇಡಿ ಅಂತ ಕಂಡವರಿಗೆಲ್ಲ ಕೈಮುಗಿದ. ಕಲ್ಲು ಸೀಳುವ ಅವನ ಕೈ ಮಣ್ಣು ಮೆತ್ತುವುದನ್ನು ನೋಡುತ್ತ ನೋಡುತ್ತ ನನ್ನ ಸಿಟ್ಟು ಯಾವಾಗ ಕರಗಿತೋ ತಿಳಿಯದು. ಒಂದು ದಿನ ನಾನೂ ಇನ್ನೊಂದು ಮಂಕರಿ ಹೊತ್ತುಕೊಂಡು ಹಿಂದೆ ಹೋದೆ.

ನನಗೆ ಹೆಣ್ಣು ಸಿಕ್ಕಿದ್ದು ಎಲ್ಲರೂ ಆಸೆ ಬಿಟ್ಟ ಮೇಲೆ. ತಂದೆ ತಾಯಿ ಇಲ್ಲದ ಹುಡುಗಿ, ಅಣ್ಣನ ಮನೆಯಲ್ಲಿ ಬೆಳೆದವಳು. ಆ ಅಣ್ಣ ರಾಮನಗರದ ಬಸ್‌ಸ್ಟ್ಯಾಂಡಿನ ಹೋಟೆಲಲ್ಲಿ ಅರ್ಧ ಲೋಟ ಕಾಫಿ ಕುಡಿಯುವುದರೊಳಗೆ ಒಪ್ಪಿಬಿಟ್ಟ. ಊರು ಎಲ್ಲಿ, ಮನೆ ಎಂಥದ್ದು ಅಂತಲೂ ಕೇಳಲಿಲ್ಲ. ನಮ್ಮ ಪುಣ್ಯ ಅಂದುಕೊಂಡೆವು. ಅವ್ವ ಊರಿಗೆಲ್ಲ ಸಕ್ಕರೆ ಹಂಚಿದಳು.

ಅವಳು ಬಂದ ಮರುದಿನದಿಂದಲೇ ತೋಪಿನ ಬಾವಿಯ ದಾರಿ ಹಿಡಿದಳು. ತಲೆಯ ಮೇಲೊಂದು ಬಿಂದಿಗೆ, ಕಂಕುಳಲ್ಲೊಂದು. ಬಸುರಿಯಾಗಿ, ಬಾಣಂತನ ಮುಗಿಸಿ, ಮತ್ತೆ ಬಸುರಿಯಾಗಿ ನಡೆದಳು. ಸಿಂಬಿ ಕೂರುವ ಜಾಗದಲ್ಲಿ ಅವಳ ನೆತ್ತಿಯ ಕೂದಲು ಸವೆದುಹೋಯಿತು. ಅವಳು ಅದರ ಮೇಲೆ ಉಳಿದ ಕೂದಲು ಎಳೆದು ಬಾಚಿಕೊಳ್ಳುತ್ತಿದ್ದಳು. ಒರತೆ ಹೇಗೆ ಹೋಯಿತು ಅಂತ ಊರ ಹೆಂಗಸರು ಅವಳಿಗೆ ಹೇಳಿಯೇ ಇದ್ದರು. ಯಾಕೆ ಹೋಯಿತು ಅನ್ನುವುದನ್ನು ಮಾತ್ರ ನಮ್ಮ ಮನೆಯವರು ಯಾರೂ ಅವಳ ಮುಂದೆ ಎತ್ತಿರಲಿಲ್ಲ.

ಆಮೇಲೆ ಒಂದು ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಅಪ್ಪನ ಜೇಡಿಯ ತುಟಿ ಆ ಸಲ ನಿಂತಿತು. ಅದರ ಮೇಲೆ ಹುಲ್ಲು ಹುಟ್ಟಿತ್ತು, ಪೊದೆಯ ಬೇರುಗಳು ಇಳಿದು ಅದನ್ನು ಹೊಲಿದಿದ್ದವು. ದೀಪಾವಳಿ ಕಳೆದು, ಹಳ್ಳ ನಿಂತು, ಬಂಡೆಯೆಲ್ಲ ಒಣಗಿದ ಮೇಲೆ ಒಂದು ಬೆಳಗ್ಗೆ ಅಪ್ಪ ಏದುಸಿರು ಬಿಡುತ್ತ ಬಂದ. "ಬನ್ರಲಾ, ಬನ್ರಲಾ!" ಅಂತ ಕೂಗಿ ಬಂದ ದಾರಿಗೇ ತಿರುಗಿದ.

ಹೋದೆವು. ತುಟಿಯ ಮೇಲಿಂದ ನೂಲೆಳೆಯಷ್ಟು ನೀರು ಇಳಿಯುತ್ತಿತ್ತು. ಎಳೆಬಿಸಿಲಲ್ಲಿ ಅದು ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. ನನ್ನ ಹೆಂಡತಿ ಬಿಂದಿಗೆ ಇಟ್ಟು ಪಕ್ಕದಲ್ಲಿ ಕೂತಳು. ಅಪ್ಪನಿಗೆ ಸಂತೋಷ ತಡೆಯಲಾಗಲಿಲ್ಲ, ಇಷ್ಟು ವರ್ಷ ನುಂಗಿಕೊಂಡಿದ್ದನ್ನೆಲ್ಲ ಅವಳ ಮುಂದೆ ಸುರಿದ. ಬೈರಾಪಟ್ಟಣದ ಕಡೆಯ ಅಜ್ಜಿ ಬಂದದ್ದು, ಕೈಯೊಡ್ಡಿ ನೋಡಿದ್ದು, ಮತ್ತೆ ಸಂಕ್ರಾಂತಿ ಕಳೆದು ಬಂದದ್ದು, ತಾನು ಕಲ್ಲು ಒಡೆದದ್ದು, ಹೆಣ್ಣು ಕೊಡದೆ ಹೋದದ್ದು. ನಾನು ಕಣ್ಸನ್ನೆ ಮಾಡಿದರೂ ನಿಲ್ಲಿಸಲಿಲ್ಲ. ಹೇಳಿ ಮುಗಿಸಿ, "ಈಗ ನೋಡವ್ವಾ, ನಿಂತೈತೆ," ಅಂತ ಅವಳ ಮುಖ ನೋಡಿದ.

ಅವಳು ನೀರನ್ನೇ ನೋಡುತ್ತಿದ್ದಳು.

"ನೀರ್ ನೋಡಾಕೇಂತಲೇ ಬಂದಿದ್ರಾ ಮಾವ? ಎರ್ಡು ದಪ?"

"ಊಂ ಕಣವ್ವಾ. ಎಲ್ರೂ ಹಂಗೇ ನೋಡ್ತಾರೆ. ಹೆಣ್ಣು ಕೊಡೋರು."

ಅವಳು ನೆತ್ತಿಯ ಮೇಲೆ ಸೆರಗು ಎಳೆದುಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಇಷ್ಟು ವರ್ಷ ಅವಳ ಆ ಮಾತನ್ನು ಹೊತ್ತು ತಿರುಗುತ್ತಿರಲಿಲ್ಲ.

"ನಮ್ ಕಡೆಯಿಂದ ಒಬ್ರಾನ ಬಂದು ನೋಡಿದ್ದಿದ್ರೆ, ನಾನೂ ಈ ಊರ್ಗೆ ಬತ್ತಿರ್ಲಿಲ್ಲ ಮಾವ," ಅಂದಳು.

ಬಿಂದಿಗೆ ತುಂಬಿ ನೀರು ಆಚೆ ಹೋಗುತ್ತಿತ್ತು. ಮೂವರಲ್ಲಿ ಯಾರೂ ಅದನ್ನು ಎತ್ತಲಿಲ್ಲ. ಕೊನೆಗೆ ಅಪ್ಪ ಬಗ್ಗಿ, ಗಂಡಸರು ನೀರು ಹೊರದ ನಮ್ಮೂರಲ್ಲಿ, ಆ ಬಿಂದಿಗೆಯನ್ನು ಎತ್ತಿ ತನ್ನ ಹೆಗಲ ಮೇಲೆ ಇಟ್ಟುಕೊಂಡು ಊರ ಕಡೆಗೆ ಇಳಿದ.